ಎಡಕ್ಕೆ ನೋಡುವ ಗಿಳಿ

ಆಳಂದದ ಹೊಸ ಮನೆಯ ವಾಸ್ತುಶಾಂತಿಗೆ ನಮಗೆ ಆಯಾರವಾಗಿ 11 ಗೋಡೆ ಗಡಿಯಾರ, 6 ಸ್ಟೀಲ್ ಕೊಡ, 1 ಆಮೆ, 1 ಕಪ್ಪೆ ಮತ್ತು 7 ಕುದುರೆ ಬಂದವು. ಗಡಿಯಾರಗಳ ಚಿಂತೆ ಇರಲಿಲ್ಲ. ಮುಂದಿನ ಎರಡು ವರ್ಷ ಓಣಿಯಲ್ಲಿ ನಡೆದ ಮದುವೆ, ಕುಪ್ಪಸಗಳಿಗೆಲ್ಲ ಅವು ಹೊಸ ಕಾಗದ ಸುತ್ತಿಕೊಂಡು ಒಂದೊಂದಾಗಿ ಹೊರಟುಹೋದವು. ಒಂದು ಮಾತ್ರ ಊರೆಲ್ಲ ಸುತ್ತಿ, ಹಳೆಯ ಸೆಲ್ಲಿನ ಸಮೇತ ನಮ್ಮ ಮನೆಗೇ ವಾಪಸು ಬಂತು. ಕೊಡಗಳು ಕೆಲಸಕ್ಕೆ ಬಿದ್ದವು. ಗಟ್ಟಿಯಾಗಿ ಉಳಿದದ್ದು ಈ ಜಾನುವಾರುಗಳ ಪ್ರಶ್ನೆ.

ಕುದುರೆಗಳನ್ನು ತಂದವನು ನನ್ನ ಅಕ್ಕನ ಮಗ. ಪುಣೆಯಲ್ಲಿ ಕಂಪ್ಯೂಟರ್ ಕೆಲಸ. ಮೂರಡಿ ಅಗಲದ ಆ ಪಟವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು ಹಿಡಿದು ತಂದಿದ್ದ. ಬಿಚ್ಚಿ ನೋಡಿದರೆ ಸಮುದ್ರದ ದಂಡೆಯ ಮೇಲೆ ನೊರೆ ಚಿಮ್ಮಿಸುತ್ತ ಓಡುವ ಬಿಳಿ ಕುದುರೆಗಳು. “ಮಾಮಾ, ಇದನ್ನ ಪೂರ್ವದ ಗ್ವಾಡಿಗೇ ಹಾಕಬೇಕು. ಕುದರಿ ಮಾರಿ ಮನಿ ಒಳಗ ಇರಬೇಕು. ಹೊರಗ ಓಡಿದಂಗ ಹಾಕಿದ್ರ ರೊಕ್ಕಾನೂ ಹೊರಗ ಓಡ್ತದ” ಎಂದ. ನಾನು ಎಣಿಸಿದೆ. ಆರೇ ಸಿಕ್ಕವು. ಏಳನೆಯದು ಎಲ್ಲಿ ಎಂದು ಹುಡುಕಿದರೆ ಎರಡನೆಯದರ ಕುತ್ತಿಗೆಯ ಹಿಂದೆ ಬರೀ ಒಂದು ಕಿವಿ ಕಂಡಿತು. ಪೂರ್ವದ ಗೋಡೆಗೆ ಒಂದು ಕಿಟಕಿ, ಕಿಟಕಿಯ ಪಕ್ಕ ಫ್ರಿಜ್ಜು. ಹೀಗಾಗಿ ಕುದುರೆಗಳು ಫ್ರಿಜ್ಜಿನ ಮೇಲಿಂದ ಹಾಲು-ಮೊಸರಿನ ಕಡೆಗೆ ಓಡುತ್ತಿವೆ. ಸೂರ್ಯನ ರಥಕ್ಕೂ ಏಳೇ ಕುದುರೆ ಎಂಬುದು ನನಗೆ ಆಮೇಲೆ ನೆನಪಾಯಿತು. ಆದರೆ ಈ ಪಟದಲ್ಲಿ ರಥವಿಲ್ಲ, ಸಾರಥಿ ಅರುಣನಿಲ್ಲ, ಲಗಾಮಿಲ್ಲ. ಸೂರ್ಯನೊಬ್ಬ ದೂರದಲ್ಲಿ ನೀರಿನ ಅಂಚಿಗೆ ಕೆಂಪಗೆ ಕುಳಿತಿದ್ದಾನೆ, ಸವಾರಿ ತಪ್ಪಿಸಿಕೊಂಡವನ ಹಾಗೆ.

ಆಮೆ ಗಾಜಿನದು. ಗಾಜಿನ ತಟ್ಟೆಯಲ್ಲಿ ನೀರು ಹಾಕಿ, ಅದರೊಳಗೆ ಉತ್ತರಕ್ಕೆ ಮುಖ ಮಾಡಿ ಕೂರಿಸಬೇಕಂತೆ. ಕೂರಿಸಿದರೆ ದುಡ್ಡು ನಿಲ್ಲುತ್ತದಂತೆ. ನಮ್ಮ ಕಡೆಯ ಹಳೆಯ ಈಶ್ವರ ಗುಡಿಗಳಲ್ಲಿ ಒಳಗಿನ ಹಾಸುಗಲ್ಲಿನ ಮೇಲೆ ಆಮೆ ಕೆತ್ತಿರುವುದನ್ನು ನೀವು ನೋಡಿರಬಹುದು. ಚಿಕ್ಕವನಿದ್ದಾಗ ನಾನು ಅದರ ಬೆನ್ನ ಮೇಲೆ ನಿಂತು ಬೈಸಿಕೊಂಡಿದ್ದೇನೆ. ಆ ಆಮೆಯ ಅರ್ಥವನ್ನು ಗೀತೆಯ ಎರಡನೆಯ ಅಧ್ಯಾಯವೇ ಹೇಳುತ್ತದೆ. ಆಮೆ ಕೈಕಾಲನ್ನು ಒಳಗೆಳೆದುಕೊಂಡ ಹಾಗೆ ಇಂದ್ರಿಯಗಳನ್ನು ಒಳಗೆಳೆದುಕೊಂಡವನೇ ಸ್ಥಿತಪ್ರಜ್ಞ. ಅಂದರೆ ಗುಡಿಯ ಆಮೆ ಆಸೆಯನ್ನು ಒಳಗೆ ಎಳೆದುಕೊಳ್ಳಲು ಹೇಳಿದರೆ, ಮನೆಯ ಆಮೆ ಹಣವನ್ನು ಒಳಗೆ ಎಳೆದುಕೊಳ್ಳಲು ಕೂತಿದೆ. ಗಾಜಿನದಾದ್ದರಿಂದ ಅದಕ್ಕೆ ಕಾಲು ಎಳೆದುಕೊಳ್ಳುವುದೂ ಆಗುವುದಿಲ್ಲ, ಪಾಪ. ಚೀನಾದಲ್ಲಾದರೂ ಅದು ಮೊದಲಿಂದ ದೀರ್ಘಾಯುಷ್ಯದ ಗುರುತು. ದುಡ್ಡಿನ ಜವಾಬ್ದಾರಿ ಆಮೇಲೆ ಬೆನ್ನಿಗೆ ಬಿದ್ದದ್ದು.

ಕಪ್ಪೆಯದು ಬೇರೆಯೇ ಕಥೆ. ಬಾಯಲ್ಲಿ ಒಂದು ನಾಣ್ಯ ಕಚ್ಚಿಕೊಂಡು ನಾಣ್ಯದ ರಾಶಿಯ ಮೇಲೆ ಕೂತ ಹಿತ್ತಾಳೆ ಬಣ್ಣದ ಕಪ್ಪೆ. ನಮ್ಮಾಕೆ ಅದನ್ನು ತಿರುಗಿಸಿ, ಮುರುಗಿಸಿ ನೋಡಿ ಹೇಳಿದಳು: “ಒಂದು ಕಾಲೇ ಇಲ್ಲ ನೋಡ್ರಿ. ಅಂಗಡ್ಯಾಗೇ ಮುರದದ. ಪಾವತಿ ಇದ್ರ ಬದಲಿ ಮಾಡ್ಕೊಂಡ ಬರ್ರಿ.” ಅದು ಮುರಿದದ್ದಲ್ಲ, ಇರುವುದೇ ಮೂರು ಕಾಲು, ಚೀನಾದ ಕಥೆಯಲ್ಲಿ ಲಿಯು ಹಾಯ್ ಎಂಬ ಸಿದ್ಧಪುರುಷನ ಜೊತೆಗಿರುವ ಕಪ್ಪೆ ಅದು ಎಂದು ನಾನು ತಿಳಿಸಿ ಹೇಳಿದೆ. ಆಕೆ ನಂಬಲಿಲ್ಲ. “ಕುಂಟ ಕಪ್ಪಿ ತಂದುಕೊಟ್ಟು ಲಕ್ಷ್ಮಿ ಬರ್ತಾಳ ಅಂತಾರ” ಎಂದು ಅದನ್ನು ಷೋಕೇಸಿನ ಹಿಂದಿನ ಸಾಲಿಗೆ ತಳ್ಳಿದಳು. ಆಕೆಗೆ ಗೊತ್ತಿದ್ದ ಕಪ್ಪೆಯೇ ಬೇರೆ. ಮಳೆ ಕೈಕೊಟ್ಟ ವರ್ಷ ಊರವರು ಹುಡುಕಿ ತಂದು, ಅರಿಶಿನ ಹಚ್ಚಿ, ಅಕ್ಕಿಕಾಳು ಹಾಕಿ, ಹಲಗೆ ಬಾರಿಸಿ ಮದುವೆ ಮಾಡುತ್ತಾರಲ್ಲ, ಆ ಕಪ್ಪೆ. ಅದಕ್ಕೆ ನಾಲ್ಕು ಕಾಲೂ ಇರುತ್ತವೆ, ಒಬ್ಬ ಹೆಂಡತಿಯೂ ಇರುತ್ತಾಳೆ.

ಈ ಕೊನೆಯ ಮಾತೇ ನನ್ನ ತಲೆ ಕೆಡಿಸಿದ್ದು. ಹೊಸದಾಗಿ ಬಂದ ಪ್ರಾಣಿಗಳು ಒಂಟಿ. ಆಮೆ ಒಂದು, ಕಪ್ಪೆ ಒಂದು. ಕುದುರೆಗಳು ಏಳಿದ್ದರೂ ಬೆಸ ಸಂಖ್ಯೆ, ಜೋಡಿ ಮಾಡಲು ಹೋದರೆ ಒಂದು ಉಳಿಯುತ್ತದೆ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಒಂಟಿ ಪ್ರಾಣಿಯೇ ಇರಲಿಲ್ಲ.

ಆ ಮನೆ ಇದೇ ಜಾಗದಲ್ಲಿತ್ತು. ಮಣ್ಣಿನ ಮಾಳಿಗೆ, ಸಾಗವಾನಿ ತೊಲೆ, ನೆಲಕ್ಕೆ ಶಹಾಬಾದಿ ಪರಸಿ. ಮಾಳಿಗೆ ಸೋರಲು ಶುರುವಾದಾಗ ಕೆಡವಿದೆವು. ಹಳೆಯ ಕಟ್ಟಿಗೆ ಕೊಳ್ಳುವ ಒಬ್ಬ ವ್ಯಾಪಾರಿ ಸೊಲ್ಲಾಪುರದ ಕಡೆಯಿಂದ ಟೆಂಪೋ ತಂದ. ಕಂಬ, ಬೋದಿಗೆ, ಬಾಗಿಲು, ಚೌಕಟ್ಟು ಎಲ್ಲವನ್ನೂ ಒಟ್ಟಿಗೆ ಇಷ್ಟೆಂದು ಮಾತಾಡಿ ಹೇರಿಕೊಂಡು ಹೋದ. ನನಗೆ ಕಟ್ಟಿಗೆಗೆ ಗೆದ್ದಲು ಹಿಡಿಯುವ ಮೊದಲು ದುಡ್ಡು ಬಂತಲ್ಲ ಎಂಬ ಖುಷಿ. ಮೂರು ದಿನದ ಮೇಲೆ, ಇನ್ನೂ ಬೀಳದೆ ನಿಂತಿದ್ದ ಪಡಸಾಲೆಯ ಗೋಡೆಯಲ್ಲಿ ಗೌಂಡಿಯ ಅಂಗಿ ತೂಗುತ್ತಿರುವುದು ಕಾಣಿಸಿತು. ಅಂಗಿ ತೆಗೆದರೆ ಒಳಗೆ ಗಿಳಿ.

ಗಿಳಿಗೂಟ ಅಂದರೆ ಈಗಿನ ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ. ಗೋಡೆ ಕಟ್ಟುವಾಗಲೇ ಹುಗಿಯುವ ಕಟ್ಟಿಗೆಯ ಗೂಟ ಅದು. ನನ್ನ ಕೈಲಿರುವುದು ಗೇಣುದ್ದ ಇದೆ. ಹಿಂದಿನ ಅರ್ಧ ಚೌಕ, ಅದು ಗೋಡೆಯೊಳಗೆ. ಮುಂದಿನ ಅರ್ಧ ಗಿಳಿ. ಎದೆ ತುಂಬಿಕೊಂಡು ಮೇಲೆದ್ದು, ಕತ್ತು ಎಡಕ್ಕೆ ಹೊರಳಿಸಿ, ಕೊಕ್ಕು ಕೆಳಗೆ ಬಾಗಿಸಿದೆ. ಕುತ್ತಿಗೆಗೆ ಎರಡು ಗೆರೆಯ ಕಂಠಿ. ರೆಕ್ಕೆ ಎಂದು ಮೂರೇ ಮೂರು ಉಳಿ ಏಟು, ಮಾವಿನ ಎಲೆಯ ಹಾಗೆ. ಕಣ್ಣಿಗೆ ಬಡಿದಿದ್ದ ಹಿತ್ತಾಳೆ ಮೊಳೆ ಉದುರಿ ಈಗ ಬರೀ ತೂತು. ಬೆನ್ನಿನ ನಡುವೆ ಬೆರಳು ಕೂರುವಷ್ಟು ತಗ್ಗು ಬಿದ್ದಿದೆ. ಎರಡು ತಲೆಮಾರು ಕಂದೀಲು, ಚಾಟಿ, ಮುತ್ಯಾನ ಪಟಗ ತೂಗಿ ತೂಗಿ ಸವೆದ ತಗ್ಗು ಅದು. ಬಡಿಗನಿಗೆ ಗೂಟ ಮಾಡಲು ಹೇಳಿದ್ದರು, ಗಿಳಿ ಮಾಡಲು ಯಾರೂ ಹೇಳಿರಲಿಕ್ಕಿಲ್ಲ. ಬರೀ ಗೂಟ ಕೊಟ್ಟು ಬರಲು ಅವನಿಗೆ ಮನಸ್ಸಾಗಿಲ್ಲ, ಅಷ್ಟೆ.

ಒಳಕೋಣೆಯ ಬಾಗಿಲಿನ ಆಚೆ ಈಚೆ ಅವು ಎರಡಿದ್ದವು. ಬಲಗಡೆಯದು ಎಡಕ್ಕೆ ನೋಡುತ್ತಿತ್ತು, ಎಡಗಡೆಯದು ಬಲಕ್ಕೆ. ನಡುವೆ ಬಾಗಿಲು. ಬಲದ ಗೂಟಕ್ಕೆ ಮುತ್ಯಾನ ಪಟಗ, ಎಡದ್ದಕ್ಕೆ ಆಯಿಯ ಎಲೆಅಡಿಕೆ ಸಂಚಿ. ಗಿಳಿ ಮನ್ಮಥನ ವಾಹನ, ಆದ್ದರಿಂದಲೇ ಅದಕ್ಕೆ ಒಳಕೋಣೆಯ ಬಾಗಿಲಿನ ಕಾವಲು ಎಂದು ನಾನು ಕಾಲೇಜಿಗೆ ಹೋದಮೇಲೆ ಪುಸ್ತಕ ಓದಿ ಕಂಡುಕೊಂಡು, ಬಹಳ ಜಾಣತನದಿಂದ ಆಯಿಯ ಮುಂದೆ ಹೇಳಿದೆ. ಆಯಿ ಅಡಿಕೆ ಕತ್ತರಿಸುತ್ತ, “ಹಂಗಲ್ಲೋ ಅಪ್ಪಾ. ಗಿಣಿ ಜೋಡಿ ಬಿಟ್ಟು ಇರೂದಿಲ್ಲ. ಎರಡು ಇದ್ರ ಒಂದರ ಮಾರಿ ಒಂದು ನೋಡ್ಕೋತ ಕುಂದ್ರತಾವ” ಎಂದಳು. ಅವಳ ಕೈಯಲ್ಲಿದ್ದ ಅಡಕೊತ್ತು ಕೂಡ ಗಿಳಿಯದೇ ಆಕಾರ. ಅದರ ಕೊಕ್ಕಿನಲ್ಲಿ ಅಡಿಕೆ ಕಟಕ್ಕೆಂದಿತು. ನಾನು ಸುಮ್ಮನಾದೆ.

ಅಲ್ಲಿಂದ ಶುರುವಾದ ಲೆಕ್ಕ ಇದು. ತಲೆಬಾಗಿಲಿನ ಮೇಲಿನ ಪಟ್ಟಿಯಲ್ಲಿ ಗಜಲಕ್ಷ್ಮಿ, ಆನೆ ಎರಡು. ಹಬ್ಬಕ್ಕೆ ಕಟ್ಟುತ್ತಿದ್ದ ಮಣಿ ತೋರಣದಲ್ಲಿ ಒಂದೇ ಹಣ್ಣಿಗೆ ಎರಡು ಕಡೆಯಿಂದ ಕೊಕ್ಕಿಟ್ಟ ಗಿಳಿಗಳು. ಅಕ್ಕ ಹೈಸ್ಕೂಲಿನಲ್ಲಿದ್ದಾಗ ಕ್ರಾಸ್‌ಸ್ಟಿಚ್ಚಿನಲ್ಲಿ ಹಾಕಿ ಗಾಜು ಹಾಕಿಸಿದ ಎರಡು ಹಂಸ. ಅದರ ಕೆಳಗೆ ‘ವೆಲ್‌ಕಮ್’ ಎಂದು ಇಂಗ್ಲಿಷಿನಲ್ಲಿ ಹಾಕಲು ಹೋಗಿ ಬಟ್ಟೆ ಮುಗಿದುದರಿಂದ ಕೊನೆಯ ಅಕ್ಷರ ಚೌಕಟ್ಟಿನೊಳಗೆ ಹೋಗಿದೆ. ಹಂಸ ಹಾಲು-ನೀರು ಬೇರೆ ಮಾಡುತ್ತದಂತೆ. ನಮ್ಮ ಮನೆಗೆ ಹಾಲು ಹಾಕುವವನು ಆ ಪಟದ ಕೆಳಗೇ ನಿಂತು ಅಳೆಯುತ್ತಿದ್ದ, ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ.

ಗಜಲಕ್ಷ್ಮಿಯ ಆನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಆನೆ ಎಂದರೆ ಮೋಡ ಎಂದು ನಮ್ಮ ಹಿಂದಿನವರ ಕಲ್ಪನೆ. ಸೊಂಡಿಲಿನ ಕೊಡದಿಂದ ಅವು ದೇವಿಯ ತಲೆಗೆ ಸುರಿಯುವುದು ಮಳೆಯನ್ನೇ. ನದಿಯ ದಂಡೆಯಲ್ಲಿದ್ದವರಿಗೆ ಇದು ಬರೀ ಅಲಂಕಾರವಾದೀತು. ಆಳಂದದಂಥ ಒಣ ಸೀಮೆಯಲ್ಲಿ ಬಾಗಿಲ ಮೇಲೆ ನೀರು ಸುರಿಯುವ ಎರಡು ಆನೆ ಕೆತ್ತಿಸುವುದೆಂದರೆ ಅರ್ಜಿ ಬರೆದು ಬಾಗಿಲಿಗೆ ಅಂಟಿಸಿದಂತೆ. ಬೇಸಿಗೆಯಲ್ಲಿ ನಳ ಬಾರದ ದಿನಗಳಲ್ಲಿ ನನ್ನವ್ವ ಖಾಲಿ ಕೊಡ ಹಿಡಿದು ಹೊಸ್ತಿಲಲ್ಲಿ ನಿಂತು ಮೇಲೆ ನೋಡಿ, “ಅಕಿ ಒಬ್ಬಾಕಿಗೇ ಎಷ್ಟು ಹಾಕ್ತೀರಿ, ಕೆಳಗ ನಾವೂ ಇದ್ದೀವಿ” ಎನ್ನುತ್ತಿದ್ದಳು. ಆ ಆನೆಗಳೂ ಸೊಲ್ಲಾಪುರದ ಟೆಂಪೋದಲ್ಲಿ ಹೋದವು.

ಸೊಲ್ಲಾಪುರದಿಂದ ನಮಗೆ ಬಂದದ್ದೂ ಉಂಟು. ಚಾದರ. ನಮ್ಮ ಕಡೆ ಮನೆಯಲ್ಲಿ ಹಾಸಿಗೆಯ ಮೇಲೆ ನವಿಲಿನ ಸೊಲ್ಲಾಪುರ ಚಾದರ ಇಲ್ಲದಿದ್ದರೆ ಬೀಗರು ಮಾತಾಡಿಕೊಳ್ಳುತ್ತಾರೆ. ನಮ್ಮ ಮನೆಯ ಚಾದರದ ತುದಿಗೆ ಗರಿ ಬಿಚ್ಚಿದ ನವಿಲು. ಒಮ್ಮೆ ಮಾವನವರು ಬಂದು ಮಲಗಿದಾಗ ಆಯಿ ಓಡಿಬಂದು, ನವಿಲು ಸರಸ್ವತಿಯದು, ಅದಕ್ಕೆ ಕಾಲು ತಾಗಬಾರದು, ಚಾದರ ತಿರುವಿ ಹಾಕಿ ಎಂದಳು. ತಿರುವಿ ಹಾಕಿದೆವು. ಆ ತುದಿಗೂ ನವಿಲು. ನೇಯ್ದವನು ಎರಡೂ ಅಂಚಿಗೆ ಒಂದೊಂದು ಕೂರಿಸಿಬಿಟ್ಟಿದ್ದಾನೆ. ಕಡೆಗೆ ಮಾವನವರು ಕಾಲು ಮಡಚಿಕೊಂಡು, ಆಮೆಯ ಹಾಗೆ, ರಾತ್ರಿ ಕಳೆದರು.

ಜೋಡಿಯ ಈ ಸಿದ್ಧಾಂತವನ್ನು ನಾನು ಬಹಳ ಹೆಮ್ಮೆಯಿಂದ ಸಾಕಿಕೊಂಡಿದ್ದೆ. ಅದಕ್ಕೆ ಪೆಟ್ಟು ಬಿದ್ದದ್ದು ಅಫಜಲಪುರದಲ್ಲಿ.

ಅಫಜಲಪುರ ನನ್ನ ಅತ್ತೆಯ ಮನೆಯ ತಾಲ್ಲೂಕು. ಭೀಮೆಗೆ ಅಮರ್ಜಾ ಕೂಡುವ ಸಂಗಮ ಇರುವುದು ಅಲ್ಲಿ, ಸಂಗಮದ ಹತ್ತಿರ ನರಸಿಂಹ ಸರಸ್ವತಿಗಳಿದ್ದ ಗಾಣಗಾಪುರ. ಆ ಸುತ್ತಿನ ಮನೆಗಳಲ್ಲಿ, ಜಾತಿ ಯಾವುದೇ ಇರಲಿ, ದೇವರ ಮಾಡದ ಪಕ್ಕ ದತ್ತಾತ್ರೇಯನ ಪಟ ಇದ್ದೇ ಇರುತ್ತದೆ. ಮೂರು ತಲೆ, ಆರು ಕೈ, ಹಿಂದೆ ಒಂದು ಆಕಳು, ಕಾಲ ಬಳಿ ನಾಲ್ಕು ನಾಯಿ. ನಾಯಿಯನ್ನು ನಾವು ಹೊಸ್ತಿಲು ದಾಟಲು ಬಿಡುವವರಲ್ಲ. ರಂಗೋಲಿಯಲ್ಲಿ ಅದಕ್ಕೆ ಜಾಗವಿಲ್ಲ, ಸೀರೆಯ ಸೆರಗಿನಲ್ಲಿ ಇಲ್ಲ, ಬಾಗಿಲ ಕೆತ್ತನೆಯಲ್ಲಿ ಇಲ್ಲ. ಆದರೆ ಇಲ್ಲಿ ನಾಲ್ಕು ನಾಯಿಗಳು ದೇವರಿಗೆ ಮೈ ಉಜ್ಜಿಕೊಂಡು ನಿಂತಿವೆ. ಆಕಳು ಭೂಮಿ, ನಾಲ್ಕು ನಾಯಿ ನಾಲ್ಕು ವೇದ ಎಂದು ಮಾವನವರು ಅರ್ಥ ಬಿಡಿಸಿ ಹೇಳಿದರು. “ಯಾವುದು ಋಗ್ವೇದ?” ಎಂದು ಕೇಳಬೇಕೆನಿಸಿತು. ಅಳಿಯನಾದವನು ಕೇಳಬಾರದು ಎಂದು ಬಾಯಿ ಮುಚ್ಚಿಕೊಂಡೆ. ಪಟದ ಮಹಿಮೆ ಮಾತ್ರ ಬೀದಿಗೂ ಇಳಿದಿದೆ. ಗಾಣಗಾಪುರದಲ್ಲಿ ಮಧ್ಯಾಹ್ನ ಭಕ್ತರು ಜೋಳಿಗೆ ಹಿಡಿದು ಮಧುಕರಿ ಬೇಡುತ್ತಾರೆ. ದತ್ತನೂ ಯಾವ ರೂಪದಲ್ಲಾದರೂ ಆ ಹೊತ್ತಿಗೆ ಬೇಡಲು ಬರುತ್ತಾನೆ ಎಂಬ ನಂಬಿಕೆ. ಹೀಗಾಗಿ ಅಲ್ಲಿ ಹಸಿದ ನಾಯಿಗೆ ಹಚಾ ಅನ್ನುವ ಮೊದಲು ಜನ ಒಂದು ಕ್ಷಣ ಅನುಮಾನಿಸುತ್ತಾರೆ. ಆ ಒಂದು ಕ್ಷಣದಲ್ಲಿ ನಾಯಿ ರೊಟ್ಟಿ ಒಯ್ದಿರುತ್ತದೆ.

ದತ್ತನಿಗೆ 24 ಗುರುಗಳು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ಅವರ ಪಟ್ಟಿ ಕೊಡುತ್ತಾನೆ. ಭೂಮಿ, ನೀರು, ಗಾಳಿ, ಸೂರ್ಯ, ಚಂದ್ರ, ಸಮುದ್ರ ಇವುಗಳ ಜೊತೆ ಪಾರಿವಾಳ, ಹೆಬ್ಬಾವು, ಪತಂಗ, ಜೇನು, ಆನೆ, ಜಿಂಕೆ, ಮೀನು, ಹಾವು, ಜೇಡ, ಕಣಜ. ಮೀನು ನಾಲಿಗೆಯ ಚಪಲದಿಂದ ಗಾಳಕ್ಕೆ ಸಿಕ್ಕಿತು, ಪತಂಗ ಬೆಳಕಿನ ಆಸೆಗೆ ಸುಟ್ಟುಕೊಂಡಿತು, ಜಿಂಕೆ ಹಾಡಿಗೆ ಮರುಳಾಗಿ ಬಲೆಗೆ ಬಿತ್ತು. ಪ್ರಾಣಿಗೆ ಅರ್ಥ ಹಚ್ಚುವುದರಲ್ಲಿ ಅವಧೂತನನ್ನು ಮೀರಿಸಿದವರಿಲ್ಲ. ನಾನು ಆ ಪಟ್ಟಿಯನ್ನು ಎರಡು ಸಲ ನೋಡಿದೆ. ಅದರಲ್ಲಿ ಕುದುರೆ ಇಲ್ಲ, ಆಮೆ ಇಲ್ಲ, ಕಪ್ಪೆ ಇಲ್ಲ. ಷೋಕೇಸಿನ ಮೂರೂ ಫೇಲು. ಹಗಲಿರುಳು ಕಾಲ ಬಳಿಯೇ ಇರುವ ನಾಯಿಯೂ ಇಲ್ಲ ಎಂಬುದು ಮಾತ್ರ ನನಗೆ ಸರಿಕಾಣಲಿಲ್ಲ.

ಪಾರಿವಾಳದ ಪಾಠವಂತೂ ನನ್ನ ಸಿದ್ಧಾಂತದ ಬುಡಕ್ಕೇ ಕೊಡಲಿ ಹಾಕಿತು. ಮರಿಗಳು ಬಲೆಗೆ ಬಿದ್ದವೆಂದು ತಾಯಿ ಹಾರಿ ಬಲೆಗೆ ಬೀಳುತ್ತದೆ, ಅವಳು ಬಿದ್ದಳೆಂದು ಗಂಡು ಬೀಳುತ್ತದೆ. ಜೋಡಿ ಕಟ್ಟಿಕೊಂಡರೆ ಹೀಗೇ ಎನ್ನುತ್ತಾನೆ ಅವಧೂತ. ಸರಿಯೇ. ಆದರೆ ಅವನಿಗೆ ಮನೆಯೂ ಇರಲಿಲ್ಲ, ಗೂಟ ಬಡಿಯಲು ಗೋಡೆಯೂ ಇರಲಿಲ್ಲ. ಗೋಡೆ ಇದ್ದವರು ಗಿಳಿಯ ಜೋಡಿಯನ್ನು ಒಳಕೋಣೆಯ ಬಾಗಿಲಿಗೆ ಕೂರಿಸಿ, ಅಂಥ ಪ್ರೀತಿ ನಮಗೂ ಬರಲಿ ಎಂದರು.

ಮಾವನವರ ಎದುರು ಮನೆ ಆಚಾರ್ಯರದು. ಆ ಮನೆಯ ಅಮ್ಮ ಆಷಾಢದ ಏಕಾದಶಿಯಿಂದ ನಾಲ್ಕು ತಿಂಗಳು ದಿನಾ 33 ಗೋಪದ್ಮ ಬರೆಯುತ್ತಿದ್ದರು. ಪುಟ್ಟ ಪುಟ್ಟ ಆಕಳ ಹೆಜ್ಜೆ, ಸಾಲು ತಪ್ಪುವಂತಿಲ್ಲ. ಒಂದು ದಿನ ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದಾಗ ಓಣಿಯ ಆಕಳೊಂದು ನಿಧಾನ ಬಂದು, ಮೂಸಿ ನೋಡಿ, ಆ 33 ಹೆಜ್ಜೆಯ ಮೇಲೆ ತನ್ನ ನಿಜವಾದ ನಾಲ್ಕು ಹೆಜ್ಜೆ ಇಟ್ಟಿತು. ಅಮ್ಮ ಕಸಬರಿಗೆ ಹಿಡಿದು ಓಡಿಬಂದರು. ಹೊಡೆಯಲು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಆಕಳು, ಆಕಳ ಹೆಜ್ಜೆ, ವ್ರತ, ಕಸಬರಿಗೆ ಇಷ್ಟೂ ಒಟ್ಟಿಗೆ ತಲೆಯೊಳಗೆ ಬಂದಿರಬೇಕು. ಕಸಬರಿಗೆ ಕೆಳಗಿಟ್ಟು, ಬಾಲ ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಎರಡು ಬೈದರು.

ಜೇವರ್ಗಿಗೆ ಹೋಗುವುದು ಅಕ್ಕನನ್ನು ನೋಡಲು. ಕಲಬುರಗಿಯಿಂದ ಹೋಗುವಾಗ ದಾರಿಯಲ್ಲಿ ಫಿರೋಜಾಬಾದಿನ ಹಾಳುಗೋಡೆಗಳು ಸಿಗುತ್ತವೆ. ಬಹಮನಿ ಸುಲ್ತಾನ ಫಿರೋಜ್ ಶಾಹ 1400ರ ಸುಮಾರಿಗೆ ಭೀಮೆಯ ದಂಡೆಗೆ ಕಟ್ಟಿಸಿದ ಊರು. ಹೊಳೆ ದಾಟಿದರೆ ಆಚೆ ಜೇವರ್ಗಿ ತಾಲ್ಲೂಕು.

ಅಕ್ಕನ ಮನೆಯಲ್ಲಿ ಮನೆಕಲೆ ಅಂದರೆ ಪಂಚಾಂಗ. ಯಾವ ತಿಂಗಳು ಎಂದು ಗೋಡೆ ನೋಡಿ ಹೇಳಬಹುದು. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು. ಕರಿಮಣ್ಣನ್ನು ನಾದಿ, ಕೋಡು ಹೊರಳಿಸಿ, ಕಣ್ಣಿಗೆ ಗುಲಗಂಜಿ ಒತ್ತಿ ಮಾಡುವ ಎತ್ತು. ಹಿಂದಿನ ಹುಣ್ಣಿಮೆಗೆ, ಕಾರಹುಣ್ಣಿಮೆಗೆ, ನಿಜವಾದ ಎತ್ತುಗಳ ಕೋಡಿಗೆ ಬಣ್ಣ ಬಳಿದು ಮೆರೆಸಿರುತ್ತಾರೆ. ಹದಿನೈದು ದಿನಕ್ಕೆ ಅವುಗಳ ಮಣ್ಣಿನ ಪ್ರತಿರೂಪ ದೇವರ ಮಾಡ ಸೇರುತ್ತದೆ. ಎಂದೂ ಎರಡೇ. ಒಂದು ಎತ್ತಿನಿಂದ ಯಾರೂ ಹೊಲ ಹೂಡುವುದಿಲ್ಲ, ದೇವರ ಮಾಡದಲ್ಲೂ ಅದೇ ಕಾನೂನು. ಅಕ್ಕನ ಮನೆಯಲ್ಲಿ ನಿಜವಾದ ಎತ್ತು ಹೋಗಿ ಟ್ರ್ಯಾಕ್ಟರ್ ಬಾಡಿಗೆಗೆ ಬರತೊಡಗಿ ಬಹಳ ವರ್ಷವಾಯಿತು. ಮಣ್ಣೆತ್ತು ಮಾತ್ರ ತಪ್ಪಿಲ್ಲ. “ಟ್ರ್ಯಾಕ್ಟರಿನವರು ಹೇಳಿದ ದಿನ ಬರೂದಿಲ್ಲ ತಮ್ಮಾ. ಇವು ಬರ್ತಾವ” ಎನ್ನುತ್ತಾಳೆ ಅಕ್ಕ.

ಶ್ರಾವಣದಲ್ಲಿ ನಾಗಪ್ಪ. ಪಂಚಮಿಯ ದಿನ ಅಕ್ಕ ಗೋಡೆಗೆ ಸುಣ್ಣ ಬಳಿದು ಅದರ ಮೇಲೆ ಕೆಮ್ಮಣ್ಣಿನಲ್ಲಿ ನಾಗಪ್ಪನನ್ನು ಬರೆಯುತ್ತಾಳೆ. ಬೆರಳೇ ಕುಂಚ. ಮೊದಲು ದೊಡ್ಡದೊಂದು, ಅದಕ್ಕೆ ಸುತ್ತಿಕೊಂಡು ಇನ್ನೊಂದು, ಆಮೇಲೆ ಬಾಲದ ಹತ್ತಿರ ಮರಿಗಳು. ಹಾವು ಒಂದೇ ಸಾಲದೇನು ಎಂದು ನಾನು ಪರೀಕ್ಷೆಗಾಗಿ ಕೇಳಿದೆ. “ಹಬ್ಬದ ದಿನ ಒಬ್ಬಾವನ್ನೇ ಕುಂದ್ರಸ್ತಾರೇನು, ಹೆಂಡ್ತಿ ಮಕ್ಕಳು ಎಲ್ಲಿ ಹೋಗಬೇಕು?” ಎಂದಳು. ನನ್ನ ಸಿದ್ಧಾಂತಕ್ಕೆ ಮತ್ತೆ ಜೀವ ಬಂತು. ಆ ದಿನ ನೆಲ ಅಗೆಯುವುದಿಲ್ಲ, ತರಕಾರಿ ಹೆಚ್ಚುವುದಿಲ್ಲ, ಒಲೆಗೆ ಹಂಚು ಏರಿಸುವುದಿಲ್ಲ. ರೊಟ್ಟಿಯನ್ನು ಹಿಂದಿನ ದಿನವೇ ಬಡಿದಿಟ್ಟಿರುತ್ತಾರೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ಅದೇ ದಿನ ಜನ ಬೆಟ್ಟ ಹತ್ತಿ ಕಲ್ಲಿನಡಿಯ ಚೇಳುಗಳನ್ನು ತೆಗೆದು ಅಂಗೈ ಮೇಲೆ, ತೋಳಿನ ಮೇಲೆ, ಕೆಲವರು ನಾಲಿಗೆಯ ಮೇಲೂ ಬಿಟ್ಟುಕೊಳ್ಳುತ್ತಾರೆ. ನಾನು ದೂರದಿಂದ ಕೈಮುಗಿಯುವ ಪೈಕಿ. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರು ಹಾವು ಚೇಳನ್ನು ವರ್ಷಕ್ಕೊಮ್ಮೆ ಮನೆಗೆ ಕರೆದು ಮಾತಾಡಿಸುವುದರಲ್ಲಿ ಜಾಣತನವೂ ಇದೆ. ಭೀಮೆಯ ದಂಡೆಯಲ್ಲಿ ಇದು ಹೊಸದೂ ಅಲ್ಲ. ಸನ್ನತಿಯ ಪಕ್ಕ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ, ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿತಲ್ಲ, ಅದೇ ಜಾಗದಲ್ಲಿ, ಹೆಡೆ ಬಿಚ್ಚಿ ಕೂತ ನಾಗನ ಕಲ್ಲುಗಳೂ ಇವೆ. ಅಕ್ಕನ ನಾಗಪ್ಪನಿಗೆ ಎರಡು ಸಾವಿರ ವರ್ಷದ ಹಿಂದಿನ ಅಣ್ಣ.

ಅಕ್ಕನ ಅತ್ತೆ ಧಾರವಾಡದ ಕಡೆಯವರು. ಅವರ ಟ್ರಂಕಿನಲ್ಲಿ ಒಂದು ಕಸೂತಿಯ ಇಳಕಲ್ ಸೀರೆ ಇದೆ, ಕರಿ ಚಂದ್ರಕಾಳಿ. ಸೆರಗಿನಲ್ಲಿ ಜೋಳದ ತೆನೆಯ ತೋಪುತೆನಿ, ಮೇಲೆ ಗೋಪುರ, ತೇರು, ಅಂಬಾರಿ ಆನೆ, ಗಿಳಿ, ನವಿಲು, ತುಳಸಿಕಟ್ಟೆ. ಅಕ್ಕ ಅದನ್ನು ನನ್ನ ಮುಂದೆ ಹರವಿ, ಆಮೇಲೆ ಬೆನ್ನು ತಿರುವಿ ತೋರಿಸಿದಳು. ಆನೆ ಹಿಂದೆಯೂ ಹಾಗೇ ಇದೆ. ಗವಂತಿ ಹೊಲಿಗೆಯಲ್ಲಿ ದಾರ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತದೆ, ಎಲ್ಲೂ ಗಂಟು ಹಾಕುವಂತಿಲ್ಲ. ಹೀಗಾಗಿ ಜನರಿಗೆ ಕಾಣುವ ಆನೆ ಹೊರಗೆ, ಉಟ್ಟವಳಿಗಾಗಿ ಇನ್ನೊಂದು ಆನೆ ಒಳಗೆ. ಜೋಡಿ ಎಂದರೆ ಹೀಗೂ ಆಗಬಹುದು ಎಂದು ನನಗೆ ಹೊಳೆದಿರಲಿಲ್ಲ.

ಆಳಂದದ ನಮ್ಮ ಪಕ್ಕದ ಮನೆಯ ಚಾಚಿ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವರ ಪಡಸಾಲೆಯಲ್ಲಿ ಬುರಾಕ್‌ನ ಪಟ ಇದೆ. ಹೆಣ್ಣಿನ ಮುಖ, ಕುದುರೆಯ ಮೈ, ರೆಕ್ಕೆ, ನವಿಲಿನ ಬಾಲ. ಲಾಡ್ಲೇ ಮಶಾಕರ ಉರುಸಿನಲ್ಲಿ ಕೊಂಡದ್ದು. ಅದು ಒಂಟಿ. “ಇದಕ್ಕ ಜೋಡಿ ಇಲ್ಲೇನ್ರಿ ಚಾಚಿ?” ಎಂದು ಕೇಳಿದೆ. “ಪೈಗಂಬರರನ್ನ ಆಸ್ಮಾನಕ್ಕ ಕರಕೊಂಡು ಹೋದದ್ದು ಒಂದೇ ಬೇಟಾ. ಎರಡನೇದು ಯಾಕ?” ಎಂದರು. ನಮ್ಮ ಮನೆಯ ಏಳು ಕುದುರೆಗಳನ್ನು ಅವರು ನೋಡಿದ್ದಾರೆ. ಒಂದಕ್ಕೂ ರೆಕ್ಕೆ ಇಲ್ಲದ್ದು ಅವರಿಗೆ ಕೊರತೆಯಾಗಿ ಕಂಡಿದೆ.

ಇಷ್ಟೆಲ್ಲ ಲೆಕ್ಕ ಹಾಕಿದಮೇಲೆ ನನಗೆ ಬಗೆಹರಿಯದೆ ಉಳಿದ ಒಂದು ವಿಷಯವಿದೆ. ಕಮಲ ನಮ್ಮಲ್ಲಿ ಎಲ್ಲ ರಂಗೋಲಿಯಲ್ಲೂ ಇದೆ, ನಮ್ಮ ಹಳ್ಳಗಳಲ್ಲಿ ನಾನು ಅದನ್ನು ಕಂಡಿಲ್ಲ. ಹಂಸ ಕಂಡಿಲ್ಲ. ಸಿಂಹ ಕಂಡಿಲ್ಲ. ಆನೆಯನ್ನು ನೋಡಿದ್ದು ಸರ್ಕಸ್ಸಿನಲ್ಲಿ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿಗೆ ಅನ್ನ ಹಾಕುವ ತೊಗರಿ ಗಿಡ ಯಾವ ಬಾಗಿಲ ಮೇಲೂ ಇಲ್ಲ. ಜೋಳಕ್ಕಾದರೂ ಇಳಕಲ್ ಸೆರಗಿನಲ್ಲಿ ಜಾಗ ಸಿಕ್ಕಿದೆ. ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು, ಹೊಸ್ತಿಲ ರಂಗೋಲಿಯಲ್ಲಿ ಒಂದು ಎಲೆಯಷ್ಟು ಜಾಗ ಸಿಗಲಿಲ್ಲ. ಹಳದಿ ಹೂವು, ಗೆರೆ ಬಿದ್ದ ಕಾಯಿ, ನೋಡಲು ಏನು ಕಡಿಮೆ? ಅಕ್ಕನನ್ನು ಕೇಳಿದೆ. “ದಿನಾ ಹೊಲದಾಗ ನೋಡೂದನ್ನ ಮನ್ಯಾಗೂ ಬರಕೊಂಡು ಕುಂದ್ರಬೇಕೇನು?” ಎಂದಳು. ಹಾಗಾದರೆ ಎತ್ತು? “ಎತ್ತು ಬ್ಯಾರೆ. ಎತ್ತು ಮನಿಯವ.” ತೊಗರಿ ಮನೆಯದಲ್ಲವೇ ಎಂದರೆ, ಅದು ಮಂಡಿಯದು ಎಂದಳು. ರೇಟು ಬೀಳುವ ವಸ್ತುವಿನ ರಂಗೋಲಿ ಯಾರು ಹಾಕುತ್ತಾರೆ!

ಗೋಡೆಯ ಮೇಲಿನ ಪ್ರಾಣಿಗೂ ಹೊರಗಿನ ಪ್ರಾಣಿಗೂ ಯಾವತ್ತೂ ತಾಳಮೇಳ ಇಲ್ಲ ಅನ್ನಿ. ಕ್ಯಾಲೆಂಡರಿನ ಗಣಪತಿಯ ಇಲಿಗೆ ಮೋದಕ, ತೊಗರಿ ಚೀಲದ ಇಲಿಗೆ ವಿಷದ ಉಂಡೆ. ಅಕ್ಕನ ಮನೆಯ ಟಿವಿಯ ಮೇಲೆ ಜಿಂಕೆ ಜೋಡಿಯ ಗೊಂಬೆ, ಹೊಲಕ್ಕೆ ಚಿಗರಿಗಳ ಹಿಂಡು ನುಗ್ಗಿದ ರಾತ್ರಿ ಭಾವನವರ ಬಾಯಲ್ಲಿ ಬರುವ ಮಾತನ್ನು ಇಲ್ಲಿ ಬರೆಯಲಾಗದು. ಕಲಬುರಗಿಯವರೇ ಆದ ಎಸ್. ಎಂ. ಪಂಡಿತರು (1916–1993) ದೇವರುಗಳನ್ನು ಮೈಕೈ ತುಂಬಿಕೊಂಡ ಮನುಷ್ಯರ ಹಾಗೆ ಬರೆದು ಕ್ಯಾಲೆಂಡರಿನ ಮೂಲಕ ಮನೆಮನೆಗೆ ಕಳಿಸಿದರು. ಅಂಥ ಒಂದು ಹಳೆಯ ಕ್ಯಾಲೆಂಡರಿಗೆ ಗಾಜು ಹಾಕಿಸಿ ಮುತ್ಯಾ ತೂಗುಹಾಕಿದ್ದ. ಅದರ ಹಿಂದೆ ಗುಬ್ಬಿಗಳು ಗೂಡು ಕಟ್ಟಿ, ದೇವರು ಮುಂದಕ್ಕೆ ಬಾಗಿ ನಮ್ಮ ಊಟದ ತಾಟನ್ನೇ ನೋಡುವಂತಾಗಿತ್ತು. ಹುಲ್ಲುಕಡ್ಡಿ ಅನ್ನದಲ್ಲಿ ಬಿದ್ದರೂ ಆಯಿ ಗೂಡು ತೆಗೆಯಲು ಬಿಟ್ಟಿರಲಿಲ್ಲ. ಹೊಸ ಮನೆಯ ಗೋಡೆಗೆ ಪುಟ್ಟಿ ಹಚ್ಚಿದ್ದೇವೆ, ಪಟಗಳು ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆ. ಹಿಂದೆ ಬೆರಳು ಹೋಗುವಷ್ಟು ಸಂದಿಲ್ಲ.

ಗಿಳಿಗೂಟವನ್ನು ನಾನು ಹೊಸ ಮನೆಯಲ್ಲಿ ಹಾಕಿಸಿದ್ದೇನೆ. ಇಟ್ಟಿಗೆಯ ಗೋಡೆಗೆ ತೂತು ಕೊರೆದು ಸಿಮೆಂಟು ತುಂಬಿ ಗೌಂಡಿಯೇ ಕೂರಿಸಿಕೊಟ್ಟ. ತನ್ನ ಅಂಗಿಯಿಂದ ಉಳಿದ ಗಿಳಿ ಎಂದು ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ಮಲಗುವ ಕೋಣೆಯ ಬಾಗಿಲಿನ ಬಲಕ್ಕಿದೆ, ಮೊದಲಿನ ಹಾಗೇ ಎಡಕ್ಕೆ ನೋಡುತ್ತದೆ. ಬಾಗಿಲಿನ ಆಚೆ ಸ್ವಿಚ್‌ಬೋರ್ಡು. ನಮ್ಮಾಕೆಯ ಕೊಡೆ, ನನ್ನ ಬೈಕಿನ ಕೀಲಿ, ಮೊಮ್ಮಗಳ ಸಾಲಿ ಚೀಲ ಎಲ್ಲ ಅದರ ಒಂದೇ ಬೆನ್ನ ಮೇಲೆ. ನಮ್ಮಾಕೆ ದಿನಕ್ಕೊಮ್ಮೆ, “ಆ ಕಡೆ ಇನ್ನೊಂದು ಇದ್ರ ಛಲೋ ಇತ್ತು” ಎನ್ನುತ್ತಾಳೆ. ಸೊಲ್ಲಾಪುರದ ವ್ಯಾಪಾರಿಯನ್ನು ವಿಚಾರಿಸಿದೆ. ಬಾಗಿಲ ಸಮೇತ ಮುಂದಕ್ಕೆ ಮಾರಿಬಿಟ್ಟಿದ್ದಾನೆ.

ಓದುವವರಲ್ಲಿ ಯಾರಾದರೂ ಈ ಮೂರು ತಾಲ್ಲೂಕುಗಳಲ್ಲಿ ಹಳೆಯ ಮನೆ ಕೆಡವುವವರಿದ್ದರೆ, ದಯವಿಟ್ಟು ಒಳಕೋಣೆಯ ಬಾಗಿಲಿನ ಎಡಗಡೆ ಒಮ್ಮೆ ಕೈಯಾಡಿಸಿ ನೋಡಿ. ನನಗೆ ಬೇಕಾದದ್ದು ಗೇಣುದ್ದದ ಸಾಗವಾನಿ ಗಿಳಿ, ಬಲಕ್ಕೆ ನೋಡುವುದು. ಕಣ್ಣಿನ ಮೊಳೆ ಉದುರಿದ್ದರೂ ನಡೆದೀತು. ಬದಲಿಗೆ ಏಳು ಕುದುರೆ ಕೊಡಲು ಸಿದ್ಧನಿದ್ದೇನೆ.